ಕಟ್ಟಿದ ಗಂಟಲೂ ಕೆಲಸದ ಗಾಯವೇ

ಕಾರ್ಖಾನೆಯ ಯಂತ್ರಕ್ಕೆ ಬೆರಳು ಸಿಕ್ಕಿದರೆ ಅದು ಕೆಲಸದಲ್ಲಾದ ಗಾಯ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲುಗಣಿಯ ದೂಳು ಕುಡಿದು ಶ್ವಾಸಕೋಶ ಕೆಟ್ಟರೆ ಅದು ಕಸುಬಿನಿಂದ ಬಂದ ಕಾಯಿಲೆ ಎಂದು ಕಾನೂನೇ ಒಪ್ಪುತ್ತದೆ. ಹದಿನೈದು ಇಪ್ಪತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿ ಗಂಟಲು ಕಳೆದುಕೊಂಡ ಶಿಕ್ಷಕಿಗೆ ಮಾತ್ರ ಸಿಗುವುದು ಬರೀ ಬುದ್ಧಿಮಾತು: ಬಿಸಿನೀರು ಕುಡಿಯಿರಿ, ಜ್ಯೇಷ್ಠಮಧು ಚೀಪಿ, ಎರಡು ದಿನ ಬಾಯಿ ಮುಚ್ಚಿಕೊಂಡಿರಿ, ಅಷ್ಟು ಕೂಗಾಡುವುದು ಯಾತಕ್ಕೆ? ಧ್ವನಿ ಕೆಡುವುದು ಆಯಾ ಮನುಷ್ಯರ ಅಭ್ಯಾಸದ್ದೋ ದೇಹಪ್ರಕೃತಿಯದ್ದೋ ಹವೆಯದ್ದೋ ತೊಂದರೆ, ದುಡಿಮೆಗೂ ಅದಕ್ಕೂ ದೂರದ ನೆಂಟಸ್ತಿಕೆ ಎಂಬ ನಂಬಿಕೆ ಈ ಮಾತುಗಳ ಹಿಂದಿದೆ. ಕಳೆದ ಎರಡು ದಶಕಗಳಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಮತ್ತು ಕೆನಡಾದ ಮಾಂಟ್ರಿಯಲ್‌ನ ಪ್ರಯೋಗಾಲಯಗಳಲ್ಲಿ ಧ್ವನಿತಂತುಗಳ ಉರಿಯೂತದ ಬಗ್ಗೆ ನಡೆದಿರುವ ಕೆಲಸವನ್ನು ಓದಿದವರಿಗೆ ಈ ನಂಬಿಕೆಯನ್ನು ಇಟ್ಟುಕೊಳ್ಳುವುದು ಕಷ್ಟ. ಮಾತಾಡಿ ಮಾತಾಡಿ ಕಟ್ಟಿದ ಗಂಟಲೊಳಗೆ ಇರುವುದು ಗಾಯಗೊಂಡ ಅಂಗಾಂಶ. ಅದರ ರಾಸಾಯನಿಕ ಗುರುತುಗಳನ್ನು ಅಳೆಯಬಹುದು. ಅವು ಎಷ್ಟು ಹೊತ್ತಿಗೆ ಏರಿದವು, ಯಾವಾಗ ಇಳಿದವು ಎಂದು ಬರೆದಿಡಬಹುದು. ಹಾಗಿದ್ದ ಮೇಲೆ ಅದನ್ನು ಕೆಲಸದ ಗಾಯವೆಂದೇ ಲೆಕ್ಕಕ್ಕೆ ಹಿಡಿಯಬೇಕು, ಚಿಕಿತ್ಸೆಯೂ ಕಾನೂನೂ ಆ ಲೆಕ್ಕದ ಮೇಲೆ ನಡೆಯಬೇಕು ಎಂಬುದು ಈ ಬರಹದ ವಾದ.

ಮೊದಲು ಆ ಅಂಗಾಂಶ ಎಂಥದ್ದು ಎಂದು ನೋಡಬೇಕು. ಧ್ವನಿಪೆಟ್ಟಿಗೆಯೊಳಗೆ ಎದುರುಬದುರಾಗಿ ಇರುವ ಎರಡು ಪುಟ್ಟ ಮಡಿಕೆಗಳನ್ನೇ ನಾವು ಧ್ವನಿತಂತು ಎನ್ನುತ್ತೇವೆ. ಹೆಂಗಸರಲ್ಲಿ ಅವುಗಳ ಉದ್ದ ಒಂದರಿಂದ ಒಂದೂವರೆ ಸೆಂಟಿಮೀಟರ್, ಗಂಡಸರಲ್ಲಿ ಸುಮಾರು ಎರಡು. ಬದುಕಿರುವ ಮನುಷ್ಯನ ಗಂಟಲಲ್ಲಿ ಅವು ಕೆಲಸ ಮಾಡುವುದನ್ನು ಕನ್ನಡಿ ಹಿಡಿದು ಕ್ರಮವಾಗಿ ನೋಡಿ, 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರ ಒಪ್ಪಿಸಿದವರು ಮ್ಯಾನ್ಯುವೆಲ್ ಗಾರ್ಸಿಯಾ. ಅವರು ವೈದ್ಯರಲ್ಲ, ಸಂಗೀತದ ಮೇಷ್ಟ್ರು. ಧ್ವನಿಯನ್ನೇ ನಂಬಿ ಬದುಕುವವರಿಗೇ ಅದರ ಯಂತ್ರ ನೋಡುವ ಆಸೆ ಮೊದಲು ಹುಟ್ಟಿದ್ದರಲ್ಲಿ ಅಚ್ಚರಿಯಿಲ್ಲ. ಇದಾಗಿ ನೂರಿಪ್ಪತ್ತು ವರ್ಷಗಳಾಗುವಾಗ, 1970ರ ದಶಕದಲ್ಲಿ ಜಪಾನಿನ ಮಿನೊರು ಹಿರಾನೊ ಈ ಮಡಿಕೆಗಳ ಪದರಗಳನ್ನು ಬಿಡಿಸಿ ತೋರಿಸಿದರು. ಒಳಗೆ ಸ್ನಾಯು, ಅದರ ಮೇಲೆ ನಾರಿನ ಪದರಗಳು, ಎಲ್ಲಕ್ಕಿಂತ ಮೇಲೆ ತೆಳ್ಳಗಿನ ಹೊದಿಕೆ, ಆ ಹೊದಿಕೆಯ ಕೆಳಗೇ ಲೋಳೆಲೋಳೆಯಾದ ಮೃದು ಪದರ. ಮಾತಾಡುವಾಗ ಅಲೆಯಂತೆ ತೊನೆಯುವುದು ಮುಖ್ಯವಾಗಿ ಈ ಮೇಲಿನ ಭಾಗ. ಅದಕ್ಕೆ ಆ ಮೆತ್ತನೆಯ ಗುಣ ಕೊಡುವುದರಲ್ಲಿ ಹಯಲುರಾನಿಕ್ ಆಮ್ಲ ಎಂಬ ವಸ್ತುವಿನ ಪಾತ್ರ ದೊಡ್ಡದು. ಹೆಂಗಸರ ಧ್ವನಿತಂತುಗಳಲ್ಲಿ ಅದು ಗಂಡಸರಿಗಿಂತ ಕಡಿಮೆ ಇರುವುದು ಅಂಗಾಂಶ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳುವವರಲ್ಲಿ ಹೆಂಗಸರೇ ಹೆಚ್ಚಿರುವ ಕಾಲದಲ್ಲಿ ಇದು ಸಣ್ಣ ವಿಚಾರವಲ್ಲ.

ಹೆಣ್ಣುಧ್ವನಿ ಒಂದು ಸೆಕೆಂಡಿನಲ್ಲಿ ಇನ್ನೂರು ಬಾರಿಗೂ ಹೆಚ್ಚು ಕಂಪಿಸುತ್ತದೆ. ಅಂದರೆ ಸೆಕೆಂಡಿಗೆ ಅಷ್ಟು ಸಲ ಈ ಮಡಿಕೆಗಳು ಒಂದಕ್ಕೊಂದು ತಾಗಿ ಬಿಡುತ್ತವೆ. ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಸೆ ಮತ್ತು ಸಂಗಡಿಗರು ಶಿಕ್ಷಕರ ಕುತ್ತಿಗೆಗೆ ಸಣ್ಣ ಸಂವೇದಕ ಕಟ್ಟಿ ದಿನಗಟ್ಟಲೆ ಅಳೆದು 2007ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಶಾಲೆಯಲ್ಲಿರುವ ಹೊತ್ತಿನಲ್ಲಿ ನೂರಕ್ಕೆ ಸುಮಾರು 23 ಪಾಲು ಅವರ ಧ್ವನಿತಂತುಗಳು ಕಂಪಿಸುತ್ತಲೇ ಇರುತ್ತವೆ. ಶಾಲೆಯ ಹೊರಗೆ ಅದು 13 ಪಾಲು. ಆರು ಗಂಟೆಯ ಶಾಲಾದಿನಕ್ಕೆ ಇದನ್ನು ಗುಣಿಸಿ ನೋಡಿದರೆ ಒಬ್ಬ ಶಿಕ್ಷಕಿಯ ಧ್ವನಿತಂತುಗಳು ದಿನಕ್ಕೆ ಹತ್ತು ಲಕ್ಷ ಸಲದ ಆಸುಪಾಸಿನಲ್ಲಿ ಬಡಿದುಕೊಳ್ಳುತ್ತವೆ. ಗಲಾಟೆಯ ನಡುವೆ ಮಾತಾಡುವಾಗ ಮನುಷ್ಯ ತನಗೆ ಗೊತ್ತಿಲ್ಲದಂತೆಯೇ ಧ್ವನಿ ಏರಿಸುತ್ತಾನೆ. ಫ್ರಾನ್ಸಿನ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ಗುರುತಿಸಿದ್ದರು. ಏರಿಸಿದಷ್ಟೂ ಪ್ರತಿ ಬಡಿತದ ಪೆಟ್ಟು ಜೋರಾಗುತ್ತದೆ. ಪಕ್ಕದ ತರಗತಿಯ ಮಗ್ಗಿಯ ಪಾಠ, ರಸ್ತೆಯ ಹಾರ್ನು, ತಗಡಿನ ಮಾಡಿನ ಮೇಲೆ ಆಷಾಢದ ಮಳೆ, ಇವೆಲ್ಲ ನೇರವಾಗಿ ಈ ಪುಟ್ಟ ಮಡಿಕೆಗಳ ಲೆಕ್ಕಕ್ಕೆ ಜಮೆಯಾಗುತ್ತವೆ.

ಪೆಟ್ಟು ಬಿದ್ದಲ್ಲಿ ದೇಹ ಸುಮ್ಮನಿರುವುದಿಲ್ಲ. ಮೊದಲು ಇಂಟರ್‌ಲ್ಯೂಕಿನ್-1 ಬೀಟಾ, ಟಿಎನ್‌ಎಫ್ ಆಲ್ಫಾ ಮುಂತಾದ ಸಂದೇಶವಾಹಕ ಪ್ರೋಟೀನುಗಳು ಹೊರಬರುತ್ತವೆ. ಅವುಗಳ ಕರೆಗೆ ಓಗೊಟ್ಟು ಬಿಳಿ ರಕ್ತಕಣಗಳು ಬರುತ್ತವೆ, ರಕ್ತನಾಳ ಹಿಗ್ಗುತ್ತದೆ, ನೀರು ಸೇರಿ ಜಾಗ ಊದಿಕೊಳ್ಳುತ್ತದೆ. ಧ್ವನಿತಂತು ಊದಿದರೆ ಭಾರವಾಗುತ್ತದೆ, ಭಾರವಾದದ್ದು ನಿಧಾನವಾಗಿ ಮತ್ತು ಒರಟಾಗಿ ಕಂಪಿಸುತ್ತದೆ. ನಮ್ಮ ಕಿವಿಗೆ ಕೇಳುವ ಗೊಗ್ಗರು ಧ್ವನಿ ಇದೇ. ಇಷ್ಟರಲ್ಲೇ ಇಂಟರ್‌ಲ್ಯೂಕಿನ್-10ರಂಥ ಶಮನದ ಪ್ರೋಟೀನುಗಳೂ ಏರತೊಡಗುತ್ತವೆ. ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಹೊಸ ನಾರು ನೇಯ್ದು ರಿಪೇರಿ ಮಾಡುತ್ತವೆ. ಈ ಸರಣಿ ಸರಿಯಾಗಿ ಮುಗಿದರೆ ಎರಡು ಮೂರು ದಿನದಲ್ಲಿ ಗಂಟಲು ಮೊದಲಿನಂತಾಗುತ್ತದೆ. ಮುಗಿಯುವ ಮೊದಲೇ ಮರುದಿನದ ಹತ್ತು ಲಕ್ಷ ಪೆಟ್ಟು ಬಿದ್ದರೆ ರಿಪೇರಿ ಅರ್ಧಕ್ಕೆ ನಿಂತು ಉರಿಯೂತ ಉಳಿದುಕೊಳ್ಳುತ್ತದೆ. ಮೃದು ಪದರದಲ್ಲಿ ಬೇಡದ ಜಾಗದಲ್ಲಿ ಗಡಸು ನಾರು ಸೇರುತ್ತದೆ, ಗಂಟು ಮೂಡುತ್ತದೆ, ಕೆಲವರಲ್ಲಿ ಕಲೆಗಟ್ಟುತ್ತದೆ. ಧ್ವನಿತಂತುವಿನ ಕಲೆಯನ್ನು ಪೂರ್ತಿ ಅಳಿಸುವ ಚಿಕಿತ್ಸೆ ಇವತ್ತಿಗೂ ಇಲ್ಲ. ಹಾಗಾಗಿ ಉರಿಯೂತವನ್ನು ಶತ್ರು ಎಂದು ಬಗೆದು ಬಡಿದು ಅಡಗಿಸುವ ಯೋಚನೆ ಸರಿಯಲ್ಲ. ಸರಿಯಾದ ಹೊತ್ತಿಗೆ ಅದು ಮುಗಿಯುವಂತೆ ನೋಡಿಕೊಳ್ಳುವುದು ಬೇಕಾದದ್ದು.

ಇದು ಇಷ್ಟು ದಿನ ಪುಸ್ತಕದ ತರ್ಕವಾಗಿತ್ತು. ಇದನ್ನು ಬದುಕಿರುವ ಮನುಷ್ಯರ ಗಂಟಲಲ್ಲೇ ಅಳೆಯಬಹುದು ಎಂದು ತೋರಿಸಿದ್ದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದ ಕ್ಯಾಥರಿನ್ ವರ್ಡೊಲಿನಿ ಆ್ಯಬಟ್ ಅವರ ತಂಡ. ಅವರ ಉಪಾಯ ಸರಳವಾದದ್ದು. ಧ್ವನಿತಂತುವಿನಿಂದ ತುಂಡು ಕತ್ತರಿಸಿದರೆ ಧ್ವನಿಯೇ ಹೋದೀತು. ಅದರ ಮೇಲ್ಮೈಯ ಲೋಳೆಯನ್ನು ತೆಗೆದರೆ ಯಾವ ಹಾನಿಯೂ ಇಲ್ಲ, ಉರಿಯೂತದ ಪ್ರೋಟೀನುಗಳು ಅದರಲ್ಲೇ ಸಿಗುತ್ತವೆ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಧ್ವನಿಯ ತೊಂದರೆ ಇಲ್ಲದ ಒಂಬತ್ತು ಮಂದಿಯನ್ನು ಕೂರಿಸಿ ಸುಮಾರು ಒಂದು ಗಂಟೆ ಗಂಟಲಿಗೆ ಹೊರೆ ಬೀಳುವಂತೆ ಮಾತಾಡಿಸಿದರು. ಆಮೇಲೆ ಅವರನ್ನು ಮೂರು ಪಾಲು ಮಾಡಿದರು. ಒಂದು ಗುಂಪು ಪೂರ್ತಿ ಮೌನ, ಇನ್ನೊಂದು ಎಂದಿನಂತೆ ಮಾತು, ಮೂರನೆಯ ಗುಂಪಿಗೆ ತುಟಿ ಮೂಗಿನ ಸುತ್ತ ಝೇಂಕಾರ ಅನುಭವಕ್ಕೆ ಬರುವಂತೆ ಮೆಲ್ಲಗೆ ಗುನುಗುವ ಅನುರಣನ ಧ್ವನಿಯ ವ್ಯಾಯಾಮ. ಹೊರೆಗೆ ಮುಂಚೆ, ಹೊರೆಯಾದ ಕೂಡಲೇ, ನಾಲ್ಕು ಗಂಟೆಯ ನಂತರ, ಮರುದಿನ, ಹೀಗೆ ಲೋಳೆಯ ಮಾದರಿ ತೆಗೆದು ಪರೀಕ್ಷಿಸಿದರು. ಎಂದಿನಂತೆ ಮಾತಾಡಿದವರಲ್ಲಿ ಮರುದಿನವೂ ಉರಿಯೂತದ ಗುರುತುಗಳು ಏರಿಯೇ ಇದ್ದವು. ಮೌನವಿದ್ದವರ ಸ್ಥಿತಿ ಅದಕ್ಕಿಂತ ಮೇಲು. ಎಲ್ಲರಿಗಿಂತ ಒಳ್ಳೆಯ ಫಲ ಕಂಡದ್ದು ಗುನುಗಿದವರಲ್ಲಿ. ಬೇಕಾದ ಬಗೆಯ, ಬೇಕಾದಷ್ಟೇ ಕಂಪನ ರಿಪೇರಿಗೆ ನೆರವಾಗುತ್ತದೆ, ಬಾಯಿಗೆ ಬೀಗ ಹಾಕುವುದೇ ಅತ್ಯುತ್ತಮ ಮದ್ದಲ್ಲ ಎಂಬ ಸೂಚನೆ ಇದರಲ್ಲಿತ್ತು.

ಒಂಬತ್ತೇ ಜನ, ಮೂರು ಗುಂಪಿಗೆ ಹಂಚಿದರೆ ತಲಾ ಮೂವರು. ಇಷ್ಟರ ಮೇಲೆ ಏನು ಕಟ್ಟಲಾದೀತು ಎಂದು ಕೇಳುವುದು ನ್ಯಾಯವೇ. ಈ ಒಂದು ಪ್ರಯೋಗವೇ ಸಾಕ್ಷಿಯೆಲ್ಲ ಆಗಿದ್ದರೆ ಈ ಬರಹದ ವಾದಕ್ಕೆ ಕಾಲೇ ಇರುತ್ತಿರಲಿಲ್ಲ. ಬೇರೆ ಬೇರೆ ದಾರಿಯಿಂದ ಬಂದ ಪುರಾವೆ ಇದೇ ಕಡೆ ಬೆರಳು ತೋರಿಸುತ್ತದೆ ಎಂಬುದರಿಂದ ಅದಕ್ಕೆ ತೂಕ ಬಂದಿದೆ. ರಯನ್ ಬ್ರ್ಯಾನ್ಸ್ಕಿ ಮತ್ತು ಸಂಗಡಿಗರು 2007ರಲ್ಲಿ ಧ್ವನಿತಂತುವಿನ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ, ಅವಕ್ಕೆ ಇಂಟರ್‌ಲ್ಯೂಕಿನ್-1 ಬೀಟಾ ಕೊಟ್ಟು ಉರಿಯೂತ ಹುಟ್ಟಿಸಿ, ಜೊತೆಗೇ ತಾಳಬದ್ಧವಾಗಿ ಹಿಗ್ಗಿಸಿ ಕುಗ್ಗಿಸಿದರು. ಅಂಥ ಎಳೆತ ಕೋಶಗಳ ಉರಿಯೂತದ ಪ್ರತಿಕ್ರಿಯೆಯನ್ನು ತಗ್ಗಿಸಿತು. ಜಪಾನಿನ ಕನೆಕೊ ಮತ್ತು ಸಂಗಡಿಗರು ಧ್ವನಿತಂತುವಿನ ಶಸ್ತ್ರಚಿಕಿತ್ಸೆ ಆದವರನ್ನು ಎರಡು ಪಾಲು ಮಾಡಿ, ಒಂದು ಗುಂಪಿಗೆ ಏಳು ದಿನದ ಮೌನ, ಇನ್ನೊಂದಕ್ಕೆ ಮೂರೇ ದಿನದ ಮೌನ ವಿಧಿಸಿ, ಅದು ಮುಗಿದ ಮೇಲೆ ಧ್ವನಿಯ ಅಭ್ಯಾಸ ಕೊಡಿಸಿದರು. 2017ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಬೇಗ ಬಾಯಿಬಿಟ್ಟವರ ಧ್ವನಿತಂತುಗಳೇ ಚೆನ್ನಾಗಿ ಮಾಗಿದ್ದವು. ತಟ್ಟೆಯ ಕೋಶ, ಆರೋಗ್ಯವಂತರ ಲೋಳೆ, ಶಸ್ತ್ರಚಿಕಿತ್ಸೆಯಾದವರ ಗಂಟಲು, ಮೂರೂ ಒಂದೇ ಮಾತು ಹೇಳುವಾಗ ಆ ಮಾತನ್ನು ಕೇಳಿಸಿಕೊಳ್ಳಬೇಕು. ಹಾಗೆಂದು ಇದು ಗಂಟಲು ಕಟ್ಟಿದಾಗಲೂ ಎಂದಿನಂತೆ ಪಾಠ ಮಾಡಿ ಎಂಬ ಪರವಾನಗಿ ಅಲ್ಲ. ಆ ಒಂಬತ್ತು ಮಂದಿಯ ಪ್ರಯೋಗದಲ್ಲಿ ಎಲ್ಲರಿಗಿಂತ ಕೆಟ್ಟ ಫಲ ಬಂದದ್ದು ಮಾಮೂಲಿ ಮಾತಿಗೇ. ತರಗತಿಯ ಮಾತು ಮಾಮೂಲಿಗಿಂತ ಎಷ್ಟೋ ಪಟ್ಟು ಗಟ್ಟಿ.

ಪಿಟ್ಸ್‌ಬರ್ಗ್‌ನ ತಂಡದಲ್ಲಿದ್ದು ಮುಂದೆ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯಕ್ಕೆ ಹೋದವರು ನಿಕೋಲ್ ಲೀ-ಜೆಸ್ಸೆನ್. ಮಾತು ಮತ್ತು ಧ್ವನಿಯ ಚಿಕಿತ್ಸೆಯನ್ನು ಓದಿ, ಅಲ್ಲಿಂದ ಜೀವವೈದ್ಯಕೀಯ ವಿಜ್ಞಾನಕ್ಕೆ ದಾಟಿದವರು. ಧ್ವನಿಕಾಯಿಲೆಗಳಿಗೆ ಆಯಾ ವ್ಯಕ್ತಿಗೆ ಹೊಂದುವ ಚಿಕಿತ್ಸೆ ರೂಪಿಸುವ ಸಂಶೋಧನೆಗೆ ಕೆನಡಾ ಸರ್ಕಾರ ಅವರಿಗೆ ಸಂಶೋಧನಾ ಪೀಠ ಕೊಟ್ಟಿದೆ. ಉರಿಯೂತ ತಜ್ಞ ಯೊರಾಮ್ ವೊಡೊವೊಟ್ಸ್ ಮುಂತಾದವರ ಜೊತೆ ಅವರು 2008ರಲ್ಲಿ ಪ್ರಕಟಿಸಿದ ಕೆಲಸ ಈ ಚರ್ಚೆಗೆ ಬಹಳ ಮುಖ್ಯ. ಬಿಳಿ ರಕ್ತಕಣ, ಫೈಬ್ರೊಬ್ಲಾಸ್ಟ್ ಇವುಗಳಿಗೆ ಯಾವ ಸಂದೇಶ ಬಂದರೆ ಏನು ಮಾಡಬೇಕು ಎಂಬ ನಿಯಮ ಕೊಟ್ಟು, ಕಂಪ್ಯೂಟರಿನೊಳಗೆ ಅವು ತಮ್ಮಷ್ಟಕ್ಕೆ ಓಡಾಡುವಂತೆ ಬಿಟ್ಟರು. ಒಬ್ಬೊಬ್ಬರ ಗಂಟಲಿನಿಂದ ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕ ಅಳತೆಗಳನ್ನು ಆ ಮಾದರಿಗೆ ಊಡಿಸಿ, ಇಪ್ಪತ್ತನಾಲ್ಕನೆಯ ಗಂಟೆಯಲ್ಲಿ ಅದೇ ವ್ಯಕ್ತಿಯ ಉರಿಯೂತ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿಸಿ, ನಿಜವಾದ ಅಳತೆಗೆ ಹೋಲಿಸಿದರು. ಮೆಗಿಲ್‌ನಲ್ಲಿ ಈ ಮಾದರಿ ಇನ್ನೂ ದೊಡ್ಡದಾಗಿ, ಲಕ್ಷಗಟ್ಟಲೆ ಕೋಶಗಳನ್ನು ಮೂರು ಆಯಾಮದಲ್ಲಿ ಓಡಿಸುವ ಮಟ್ಟಕ್ಕೆ ಬೆಳೆದಿದೆ. ಕಂಪ್ಯೂಟರಿನ ಗಂಟಲಿಗೂ ಮನುಷ್ಯರ ಗಂಟಲಿಗೂ ಅಂತರವಿದೆ. ನಾಳೆಯೇ ಇದು ಆಸ್ಪತ್ರೆಗೆ ಬರುವ ಸಾಧನವಲ್ಲ. ಆದರೆ ಈ ಕೆಲಸ ಹೊರಟ ಜಾಗವೇ ಗಮನಿಸಬೇಕಾದದ್ದು: ಒಂದೇ ಹೊರೆ ಹೊತ್ತ ಇಬ್ಬರ ಉರಿಯೂತ ಒಂದೇ ದಾರಿ ಹಿಡಿಯುವುದಿಲ್ಲ. ಒಬ್ಬರದು ಸಂಜೆಗೆ ಇಳಿದೀತು, ಇನ್ನೊಬ್ಬರದು ಮರುದಿನಕ್ಕೂ ಏರುತ್ತಿದ್ದೀತು.

ಶಿಕ್ಷಕರ ಧ್ವನಿಯ ಮಾತು ಬಂದಾಗಲೆಲ್ಲ ಎದುರಾಗುವ ಒಂದು ಆಕ್ಷೇಪಕ್ಕೆ ಇಲ್ಲೇ ಉತ್ತರವಿದೆ. ಅದೇ ಶಾಲೆ, ಅದೇ ಮಕ್ಕಳು, ಪಕ್ಕದ ಕೊಠಡಿಯವರು ಮೂವತ್ತು ವರ್ಷ ಪಾಠ ಮಾಡಿ ಈಗಲೂ ಪ್ರಾರ್ಥನೆ ಹೇಳಿಸುತ್ತಾರೆ, ಇವರಿಗೇ ಯಾಕೆ ಗಂಟಲು ಹೋಗಬೇಕು ಎಂಬ ಪ್ರಶ್ನೆ ಅದು. ಕಲ್ಲುಪುಡಿಯ ನಡುವೆ ದುಡಿದವರೆಲ್ಲರಿಗೂ ಸಿಲಿಕೋಸಿಸ್ ಬರುವುದಿಲ್ಲ. ಬಾರದವರನ್ನು ತೋರಿಸಿ ಬಂದವರ ಕಾಯಿಲೆಗೂ ಕಲ್ಲುಪುಡಿಗೂ ಸಂಬಂಧವಿಲ್ಲ ಎಂದು ಯಾರೂ ಹೇಳುವುದಿಲ್ಲ. ದೇಹದೇಹಕ್ಕೂ ಪ್ರತಿಕ್ರಿಯೆ ಬೇರೆಯಾದರೆ ಯಾರಿಗೆ ಮೊದಲು ಪೆಟ್ಟು ತಾಗುತ್ತದೆ ಎಂಬುದು ಬೇರೆಯಾಗುತ್ತದೆ ಅಷ್ಟೇ, ಪೆಟ್ಟು ಕೊಟ್ಟದ್ದು ಯಾವುದು ಎಂಬುದು ಬದಲಾಗುವುದಿಲ್ಲ.

ಚಿಕಿತ್ಸೆಯ ಕಡೆ ಬಂದರೆ, ಉರಿಯೂತ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಕೈ ಮಾತ್ರೆಯತ್ತ ಹೋಗುತ್ತದೆ. ಗಂಟಲು ಕೆರೆತ, ಧ್ವನಿ ಒಡಕು ಎಂದರೆ ಹೊಟ್ಟೆಯ ಆಮ್ಲ ಮೇಲೆ ಬಂದು ಧ್ವನಿಪೆಟ್ಟಿಗೆಯನ್ನು ಸುಡುತ್ತಿದೆ ಎಂದು ಊಹಿಸಿ ಆಮ್ಲ ತಗ್ಗಿಸುವ ಮಾತ್ರೆ ಬರೆಯುವ ರೂಢಿ ಮೂರು ದಶಕದಿಂದ ಲೋಕದಾದ್ಯಂತ ಬೆಳೆದಿದೆ. ಇದನ್ನು ಪರೀಕ್ಷಿಸಲು ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ ದೀರ್ಘಕಾಲದ ಗಂಟಲ ತೊಂದರೆಯಿದ್ದ 346 ಮಂದಿಯನ್ನು ಸೇರಿಸಿಕೊಂಡು, ಅರ್ಧ ಜನಕ್ಕೆ ಲ್ಯಾನ್ಸೊಪ್ರಜೋಲ್, ಅರ್ಧ ಜನಕ್ಕೆ ಅದರಂತೆಯೇ ಕಾಣುವ ಮದ್ದಿಲ್ಲದ ಮಾತ್ರೆ ಕೊಟ್ಟು ಹದಿನಾರು ವಾರ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನವರು ಒಂದಿಷ್ಟು ಸುಧಾರಿಸಿದ್ದರು, ಇಬ್ಬರ ನಡುವೆ ವ್ಯತ್ಯಾಸವೇ ಇರಲಿಲ್ಲ. ಸ್ಟೀರಾಯ್ಡಿನ ಕತೆ ಬೇರೆ. ಅದು ಊತವನ್ನು ನಿಜವಾಗಿಯೂ ಇಳಿಸುತ್ತದೆ, ಕಛೇರಿಯ ಹಿಂದಿನ ದಿನ ಗಂಟಲು ಬಿದ್ದ ಗಾಯಕರಿಗೆ ವರದಾನದಂತೆ ಕಾಣುತ್ತದೆ. ಊತ ಇಳಿಯಿತು ಎಂದು ಗಾಯ ಮಾಗಿದಂತಾಗಲಿಲ್ಲ. ನೋವು ಮರೆಸಿಕೊಂಡ ಧ್ವನಿತಂತುವಿನ ಮೇಲೆ ಮತ್ತೆ ಮೂರು ಗಂಟೆಯ ಹೊರೆ ಹೇರಿದಂತಾಯಿತು. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಅಕಾಡೆಮಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಧ್ವನಿಪೆಟ್ಟಿಗೆಯನ್ನು ಕಣ್ಣಿಂದ ನೋಡದೆ ಆ್ಯಂಟಿಬಯಾಟಿಕ್, ಸ್ಟೀರಾಯ್ಡ್, ಆಮ್ಲದ ಮಾತ್ರೆ ಇವನ್ನು ರೂಢಿಗೆ ಬಿದ್ದು ಕೊಡಬಾರದು ಎನ್ನುತ್ತದೆ. ನಾಲ್ಕು ವಾರವಾದರೂ ಧ್ವನಿ ತಿಳಿಯಾಗದಿದ್ದರೆ ಒಳಗೆ ನೋಡಲೇಬೇಕು ಎನ್ನುತ್ತದೆ. ಬೀಡಿ ಸಿಗರೇಟು ಸೇದುವವರ ವಿಷಯದಲ್ಲಿ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು. ಧ್ವನಿತಂತುವಿನ ಕ್ಯಾನ್ಸರ್ ಮೊದಲು ತೋರಿಸಿಕೊಳ್ಳುವುದು ಹೋಗದ ಗೊಗ್ಗರು ಧ್ವನಿಯಾಗಿಯೇ, ಆಗಲೇ ಕಂಡುಹಿಡಿದರೆ ಗುಣವಾಗುವ ಸಾಧ್ಯತೆ ಬಹಳ. ಮನೆಯ ಕಷಾಯದ ಬಗ್ಗೆ ನನಗೆ ತಕರಾರಿಲ್ಲ. ಬಿಸಿಬಿಸಿ ಕುಡಿದರೆ ಹಿತವೆನಿಸುತ್ತದೆ, ನೀರಿನಂಶ ಸೇರುತ್ತದೆ. ನುಂಗಿದ್ದು ಧ್ವನಿತಂತುಗಳನ್ನು ಮುಟ್ಟದೆ ಪಕ್ಕದ ಅನ್ನನಾಳಕ್ಕೆ ಇಳಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಮಾತ್ರೆಯಲ್ಲಿ ಉತ್ತರವಿಲ್ಲದಿದ್ದರೆ ಅದು ಕೆಲಸದ ಕಡೆಯೇ ಇರಬೇಕು. ಎಷ್ಟು ಜನರ ಪ್ರಶ್ನೆ ಇದು? ನೆಲ್ಸನ್ ರಾಯ್ ಮತ್ತು ಸಂಗಡಿಗರು ಅಮೆರಿಕದ ಅಯೋವಾ ಮತ್ತು ಯೂಟಾ ರಾಜ್ಯಗಳಲ್ಲಿ 1,243 ಶಿಕ್ಷಕರನ್ನೂ ಬೇರೆ ಉದ್ಯೋಗದ 1,288 ಮಂದಿಯನ್ನೂ ಕೇಳಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಆ ಹೊತ್ತಿಗೆ ಧ್ವನಿಯ ತೊಂದರೆ ಇದ್ದವರು ಶಿಕ್ಷಕರಲ್ಲಿ ಶೇ 11, ಉಳಿದವರಲ್ಲಿ ಶೇ 6.2. ಬದುಕಿನಲ್ಲಿ ಒಮ್ಮೆಯಾದರೂ ಅನುಭವಿಸಿದವರು ಶಿಕ್ಷಕರಲ್ಲಿ ಶೇ 57.7, ಉಳಿದವರಲ್ಲಿ ಶೇ 28.8. ನಮ್ಮಲ್ಲಿಯೂ ಉಷಾ ದೇವದಾಸ್, ಬಿ. ರಾಜಶೇಖರ್, ಸಂತೋಷ್ ಮಾರುತಿ ಅವರು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಶಾಲಾ ಶಿಕ್ಷಕರನ್ನು ಕೇಳಿ ಸಿದ್ಧಪಡಿಸಿದ ಅಧ್ಯಯನದಲ್ಲಿ ಸುಮಾರು ಆರರಲ್ಲಿ ಒಬ್ಬರು ಧ್ವನಿಯ ತೊಂದರೆ ಹೇಳಿಕೊಂಡಿದ್ದಾರೆ. ಇಲ್ಲೊಂದು ಪ್ರತಿವಾದ ಬರುತ್ತದೆ. ಶಿಕ್ಷಕರು ನೀರು ಕುಡಿಯುವುದಿಲ್ಲ, ಕೆಮ್ಮಿ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ, ಟೀ ಹೆಚ್ಚು, ಮಕ್ಕಳನ್ನು ಗದರಿಸುವುದು ಹೆಚ್ಚು. ಇಂಥ ಅಭ್ಯಾಸ ತಿದ್ದಿದರೆ ಸಾಕಲ್ಲವೇ? ಸಾಕೇ ಎಂದು ರಾಯ್ ಅವರ ತಂಡವೇ 2002ರಲ್ಲಿ ಪರೀಕ್ಷಿಸಿತ್ತು. ಧ್ವನಿ ಕೆಟ್ಟಿದ್ದ 44 ಶಿಕ್ಷಕರಲ್ಲಿ ಕೆಲವರಿಗೆ ಇಂಥ ಅಭ್ಯಾಸಗಳ ಪಾಠ, ಕೆಲವರಿಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಮೈಕು, ಉಳಿದವರಿಗೆ ಏನೂ ಇಲ್ಲ. ಕೆಲವು ವಾರಗಳ ನಂತರ, ಏನೂ ಸಿಗದವರಿಗೆ ಹೋಲಿಸಿದಾಗ ಗಣನೀಯವಾಗಿ ಸುಧಾರಿಸಿದ್ದವರು ಮೈಕು ಕಟ್ಟಿಕೊಂಡವರು ಮಾತ್ರ. ಪಾಠ ಕೇಳಿದವರಿಗಿಂತ ಇವರೇ ಚಿಕಿತ್ಸೆಯನ್ನು ತಪ್ಪದೆ ಪಾಲಿಸಿದ್ದರು ಕೂಡ. ಉರಿಯೂತದ ಲೆಕ್ಕದಿಂದ ನೋಡಿದರೆ ಇದು ಸಹಜವೇ. ನೀರು ಕುಡಿದರೆ ಪೆಟ್ಟಿನ ಸಂಖ್ಯೆಯೂ ಜೋರೂ ಕಡಿಮೆಯಾಗುವುದಿಲ್ಲ, ಮೈಕಿದ್ದರೆ ಜೋರು ಕಡಿಮೆಯಾಗುತ್ತದೆ.

ಕಾನೂನಿನ ವಿಷಯಕ್ಕೆ ಬಂದರೆ ಪೋಲೆಂಡ್ ದೇಶವನ್ನು ನೋಡಬೇಕು. ಅಲ್ಲಿ ಕನಿಷ್ಠ ಹದಿನೈದು ವರ್ಷ ಧ್ವನಿಗೆ ಅತಿ ಹೊರೆ ಬೀಳುವ ಕೆಲಸ ಮಾಡಿ ಧ್ವನಿತಂತುವಿಗೆ ಗಂಟು ಬಂದರೆ, ಅದು ದಪ್ಪವಾಗಿ ಬೆಳೆದರೆ, ಅಥವಾ ಒಳಸ್ನಾಯು ಸೋತು ತಂತುಗಳು ಸರಿಯಾಗಿ ಕೂಡದಂತಾದರೆ ಅದು ವೃತ್ತಿಕಾಯಿಲೆ. ಪಟ್ಟಿಯಲ್ಲಿ ಹೆಸರಿದೆ, ಪರಿಹಾರವಿದೆ. ಭಾರತದ ಪರಿಹಾರ ಕಾನೂನಿನ ವೃತ್ತಿಕಾಯಿಲೆಗಳ ಪಟ್ಟಿಯಲ್ಲಿ ಗದ್ದಲದಿಂದ ಬರುವ ಕಿವುಡಿಗೆ ಜಾಗವಿದೆ, ಧ್ವನಿಗೆ ಇಲ್ಲ. ಗದ್ದಲ ಕೇಳಿ ಕೆಟ್ಟ ಕಿವಿ ಕೆಲಸದ ಗಾಯ, ಅದೇ ಗದ್ದಲವನ್ನು ಮೀರಿ ಕೂಗಿ ಕೆಟ್ಟ ಗಂಟಲು ಸ್ವಂತ ದುರದೃಷ್ಟ ಎಂಬ ವಿಚಿತ್ರ ಸ್ಥಿತಿ ಇದು. ಧ್ವನಿ ಕೆಡಲು ಅಲರ್ಜಿ, ಧೂಮಪಾನ, ಥೈರಾಯ್ಡ್, ನರದ ತೊಂದರೆ ಹೀಗೆ ಹತ್ತು ಕಾರಣಗಳಿವೆ, ಕೆಲಸದಿಂದಲೇ ಆಯಿತೆಂದು ಸಾಬೀತು ಮಾಡುವುದು ಹೇಗೆ ಎಂದು ಅಧಿಕಾರಿಗಳು ಕೇಳಬಹುದು. ವಯಸ್ಸು, ಸೋಂಕು, ಕೆಲವು ಔಷಧಿಗಳಿಂದಲೂ ಕಿವುಡು ಬರುತ್ತದೆ, ಆದರೂ ಅದನ್ನು ಪಟ್ಟಿಗೆ ಸೇರಿಸಲು ಆ ಕಾರಣ ಅಡ್ಡಬರಲಿಲ್ಲ. ಎಷ್ಟು ವರ್ಷದ ದುಡಿಮೆ, ಎಂಥ ಗದ್ದಲ, ಪರೀಕ್ಷೆಯಲ್ಲಿ ಕಂಡದ್ದೇನು ಎಂಬ ಅಳತೆಗೋಲು ಇಟ್ಟುಕೊಂಡು ತೀರ್ಮಾನಿಸುತ್ತಾರೆ. ಧ್ವನಿಗೂ ಅಂಥ ಅಳತೆಗೋಲು ಪೋಲೆಂಡಿನಲ್ಲಿ ವರ್ಷಗಳಿಂದ ಬಳಕೆಯಲ್ಲಿದೆ.

ಖರ್ಚಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸೋರುವ ಮಾಡು, ಶೌಚಾಲಯವಿಲ್ಲದ ಶಾಲೆಗಳು ಇರುವಾಗ ಮೈಕಿನ ಮಾತೇ ಎಂದು ಯಾರಾದರೂ ಕೇಳಿದರೆ ಅದರಲ್ಲಿ ತಿರುಳಿದೆ. ಒಂದು ಕೊಠಡಿಯ ಮೈಕು ಪಕ್ಕದ ಕೊಠಡಿಯ ಗದ್ದಲವಾಗುತ್ತದೆ ಎಂಬುದೂ ನಿಜ. ನಡುಗೋಡೆ ಮಾಡಿನವರೆಗೆ ಏರದ ಕಟ್ಟಡಗಳಲ್ಲಿ ಎಲ್ಲರೂ ಮೈಕು ಹಿಡಿದರೆ ಲೊಂಬಾರ್ ಹೇಳಿದ ಪೈಪೋಟಿ ಯಂತ್ರಗಳ ನಡುವೆ ನಡೆಯುತ್ತದೆ. ಆದ್ದರಿಂದ ಮೈಕನ್ನೇ ಸರ್ವರೋಗಕ್ಕೂ ಮದ್ದು ಎಂದು ಹಂಚಿಬಿಡುವ ಯೋಜನೆಗೆ ನನ್ನ ಬೆಂಬಲವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಪಾಠ ನಡೆಯುವಾಗ ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಎಂದಿದೆ. ಹೊಸ ಕೊಠಡಿ ಕಟ್ಟುವಾಗ ಗೋಡೆಯನ್ನು ಮಾಡಿನವರೆಗೆ ಏರಿಸುವುದಕ್ಕೆ, ರಸ್ತೆಯ ಕಡೆ ಕಿಟಕಿ ಇಡದಿರುವುದಕ್ಕೆ ಆಗುವ ಖರ್ಚು ಮೊದಲೇ ಯೋಚಿಸಿದರೆ ದೊಡ್ಡದಲ್ಲ. ವೇಳಾಪಟ್ಟಿಯಲ್ಲಿ ಒಂದು ಗಟ್ಟಿ ಪಾಠದ ನಂತರ ಬರವಣಿಗೆಯ ಅವಧಿ ಬರುವಂತೆ ಜೋಡಿಸಲು ಖರ್ಚೇ ಇಲ್ಲ. ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದೆ. ಖಾಲಿ ಹುದ್ದೆ ತುಂಬದೆ ಎರಡು ಮೂರು ತರಗತಿಗಳನ್ನು ಒಬ್ಬರ ಮುಂದೆ ಕೂರಿಸಿದಾಗ ಆ ಉಳಿತಾಯದ ಒಂದು ಪಾಲನ್ನು ತೆರುವುದು ಆ ಒಬ್ಬರ ಗಂಟಲು. ಅದು ಯಾವ ಬಜೆಟ್ಟಿನಲ್ಲೂ ಕಾಣದಿರುವುದರಿಂದಲೇ ಅಗ್ಗವಾಗಿ ತೋರುತ್ತದೆ. ಪಟ್ಟಿಗೆ ಸೇರಿಸಿದರೆ ಆಗುವ ಮೊದಲ ಪ್ರಯೋಜನ ಪರಿಹಾರದ ದುಡ್ಡಿಗಿಂತಲೂ ಇದೇ, ಈ ಖರ್ಚು ಲೆಕ್ಕದ ಪುಸ್ತಕಕ್ಕೆ ಬರುವುದು.

ಕರ್ನಾಟಕಕ್ಕೆ ಈ ವಿಷಯದಲ್ಲಿ ಬೇರೆ ರಾಜ್ಯಗಳಿಗಿಲ್ಲದ ಅನುಕೂಲವೊಂದಿದೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಧ್ವನಿ ಪರೀಕ್ಷಿಸುವ, ಅಭ್ಯಾಸ ಹೇಳಿಕೊಡುವ ತಜ್ಞರು ಅಲ್ಲಿಂದ ತಲೆಮಾರುಗಳಿಂದ ಹೊರಬರುತ್ತಿದ್ದಾರೆ. ಪಿಟ್ಸ್‌ಬರ್ಗ್‌ನ ಆ ಒಂಬತ್ತು ಮಂದಿ ಆರೋಗ್ಯವಂತ ಧ್ವನಿಯವರು, ಹೊರೆ ಹೊತ್ತದ್ದು ಒಂದೇ ಗಂಟೆ. ಹತ್ತು ಹದಿನೈದು ವರ್ಷ ದಿನಾ ಹೊರೆ ಹೊತ್ತ ಗಂಟಲಲ್ಲಿ ಅದೇ ಪ್ರೋಟೀನುಗಳು ಸೋಮವಾರ ಬೆಳಿಗ್ಗೆ ಎಲ್ಲಿರುತ್ತವೆ, ಶನಿವಾರ ಮಧ್ಯಾಹ್ನ ಎಲ್ಲಿಗೆ ಏರುತ್ತವೆ, ಬೇಸಿಗೆ ರಜೆಯ ಕೊನೆಯಲ್ಲಿ ನಿಜಕ್ಕೂ ತಳಕ್ಕಿಳಿದಿರುತ್ತವೆಯೇ ಎಂಬ ಪ್ರಶ್ನೆಗೆ ಪ್ರಯೋಗಾಲಯದ ಸ್ವಯಂಸೇವಕರಿಂದ ಉತ್ತರ ಸಿಗುವುದಿಲ್ಲ, ಶಾಲೆಗಳಿಂದಲೇ ಸಿಗಬೇಕು. ಶಿಕ್ಷಣ ಇಲಾಖೆ ಆಯ್ದ ಕೆಲವು ತಾಲ್ಲೂಕುಗಳ ಶಿಕ್ಷಕರನ್ನು ವರ್ಷಕ್ಕೆರಡು ಬಾರಿ, ಜೂನ್ ಆರಂಭದಲ್ಲಿ ಒಮ್ಮೆ, ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಇನ್ನೊಮ್ಮೆ, ಇಂಥ ತಪಾಸಣೆಗೆ ಕಳಿಸಿ ಐದು ವರ್ಷದ ದಾಖಲೆ ಇಟ್ಟರೆ, ಪಟ್ಟಿಗೆ ಸೇರಿಸುವ ಬೇಡಿಕೆಯನ್ನು ಪೋಲೆಂಡಿನ ಉದಾಹರಣೆ ಹಿಡಿದುಕೊಂಡು ಕೇಳಬೇಕಾಗಿ ಬರುವುದಿಲ್ಲ.